ಮತದಾರರ ಪಟ್ಟಿಯಲ್ಲಿ ನನ್ನ ಹೆಸರೇ ಇಲ್ಲ: ವಿಶ್ವವಿದ್ಯಾಲಯ ನೌಕರರ ಸಂಘದ ಚುನಾವಣೆ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ನಾನು ಮಲೆನಾಡಿನ ಒಂದು ವಿಶ್ವವಿದ್ಯಾಲಯದ ಹೊರಕೇಂದ್ರದಲ್ಲಿ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ ಹುದ್ದೆ). ಎಂಟು ವರ್ಷ ಸರ್ವಿಸ್ ಆಗಿದೆ. ನಮ್ಮ ಬೋಧಕೇತರ ನೌಕರರ ಸಂಘಕ್ಕೆ ಮುಂದಿನ ತಿಂಗಳು ಚುನಾವಣೆ. ಕಾರ್ಯಕಾರಿ ಸಮಿತಿಗೆ ನಿಲ್ಲಬೇಕು ಅಂತ ಇದ್ದೆ. ಕರಡು ಮತದಾರರ ಪಟ್ಟಿ ನೋಡಿದರೆ ನನ್ನ ಹೆಸರೇ ಇಲ್ಲ. ಕೇಳಿದ್ದಕ್ಕೆ ಚಂದಾ ಬಾಕಿ ಅಂದರು. ಸಂಬಳದಲ್ಲಿ ಪ್ರತಿ ತಿಂಗಳೂ ಚಂದಾ ಹಿಡಿದುಕೊಂಡಿದ್ದಾರೆ. ನಮ್ಮಲ್ಲಿರುವ ಹೊರಗುತ್ತಿಗೆ ಹುಡುಗರಿಗೂ ಮತ ಇಲ್ಲವಂತೆ. ಆದರೆ ಹೋದ ವರ್ಷ ನಿವೃತ್ತರಾದ ಒಬ್ಬರು ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತಿದ್ದಾರೆ. ಮತಗಟ್ಟೆ ಒಂದೇ, ಮುಖ್ಯ ಕ್ಯಾಂಪಸ್ಸಿನಲ್ಲಿ, ಅದೂ ಜುಲೈ ತಿಂಗಳಲ್ಲಿ. ಇದೆಲ್ಲ ಸರಿನಾ? ಯಾರ ಹತ್ತಿರ ಹೋಗಬೇಕು?

ಉತ್ತರ: ಮೊದಲು ನಿಮ್ಮ ಪೇ ಸ್ಲಿಪ್‌ಗಳನ್ನು ತೆಗೆದು ಒಂದು ಕಡೆ ಇಡಿ. ಹೋದ ಹನ್ನೆರಡು ತಿಂಗಳದ್ದು ಸಾಕು. ಅದರಲ್ಲಿ ಕಟಾವಣೆ ಕಾಲಂ ಇರುತ್ತೆ. ಎಲ್‌ಐಸಿ, ವೃತ್ತಿ ತೆರಿಗೆ, ಸೊಸೈಟಿ ಸಾಲದ ಕಂತು, ಅದರ ಕೆಳಗೆ ಎಲ್ಲೋ ಸಂಘದ ಚಂದಾ. ಆ ಒಂದು ಸಾಲಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ನಿಮ್ಮ ಇಡೀ ವಾದ ನಿಂತಿರೋದು ಅದರ ಮೇಲೆ.

ನಾನು ಕಚೇರಿ ಕೆಲಸದಿಂದ ನಿವೃತ್ತನಾದವನು. ಶಿವಮೊಗ್ಗ, ಚಿಕ್ಕಮಗಳೂರು ಕಡೆಯ ಹಲವು ನೌಕರರ ಸಂಘಗಳಿಗೆ ಚುನಾವಣಾಧಿಕಾರಿಯಾಗಿ ಕೆಲಸ ಮಾಡಿದ್ದೇನೆ. ಆ ಅನುಭವದಿಂದ ಹೇಳ್ತೀನಿ, ಇಂಥ ಸಂಘಗಳ ಚುನಾವಣೆ ಮತಪೆಟ್ಟಿಗೆಯಲ್ಲಿ ಕೆಡೋದು ಬಹಳ ಕಡಿಮೆ. ಕೆಡೋದು ಸದಸ್ಯರ ರಿಜಿಸ್ಟರ್‌ನಲ್ಲಿ. ಎಣಿಕೆ ದಿನ ಎಲ್ಲರ ಕಣ್ಣೂ ಮೇಜಿನ ಮೇಲಿರುತ್ತೆ. ರಿಜಿಸ್ಟರ್ ಬರೆಯುವ ದಿನ ಯಾರೂ ಇರೋದಿಲ್ಲ. ನೀವು ಕರಡು ಹಂತದಲ್ಲೇ ಪಟ್ಟಿ ನೋಡಿದ್ದೀರಿ. ಅದು ದೊಡ್ಡ ವಿಷಯ.

ಈಗ ಮೊದಲು ತಿಳಿಯಬೇಕಾದ್ದು, ನಿಮ್ಮ ಸಂಘ ಯಾವ ಕಾಯ್ದೆಯಲ್ಲಿ ನೋಂದಣಿ ಆಗಿದೆ ಅನ್ನೋದು. ಲೆಟರ್‌ಹೆಡ್ ನೋಡಿದರೆ ಗೊತ್ತಾಗೋದಿಲ್ಲ. ನೋಂದಣಿ ಪ್ರಮಾಣಪತ್ರ ನೋಡಬೇಕು. ನಾನು ನೋಡಿದ ವಿಶ್ವವಿದ್ಯಾಲಯ ನೌಕರರ ಸಂಘಗಳು ಜಾಸ್ತಿ ಪಾಲು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಬರುತ್ತವೆ. ಕೆಲವು ಕಡೆ ಕಾರ್ಮಿಕ ಸಂಘವಾಗಿ, ಅಂದರೆ ಟ್ರೇಡ್ ಯೂನಿಯನ್ ಆಗಿ ನೋಂದಾಯಿಸಿಕೊಂಡಿರುತ್ತಾರೆ. ಅವಕ್ಕೆ ಮೊದಲು 1926ರ ಕಾಯ್ದೆ ಇತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ವಿಶ್ವವಿದ್ಯಾಲಯಕ್ಕೂ ಕೈಗಾರಿಕೆಗೂ ಏನು ಸಂಬಂಧ ಅಂತ ಅನ್ನಿಸಬಹುದು. ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 1978ರಲ್ಲಿ ಕೈಗಾರಿಕೆ ಅನ್ನೋ ಪದಕ್ಕೆ ಬಹಳ ಅಗಲವಾದ ಅರ್ಥ ಕೊಟ್ಟಿತು. ಶಿಕ್ಷಣ ಸಂಸ್ಥೆಗಳೂ ಅದರೊಳಗೆ ಬಂದವು. ಆಮೇಲೆ 1988ರಲ್ಲಿ ಅದೇ ಕೋರ್ಟು, ಶಿಕ್ಷಕರು ಕಾರ್ಮಿಕರ ವ್ಯಾಖ್ಯೆಗೆ ಬರೋದಿಲ್ಲ ಅಂದಿತು. ಬೋಧಕರು ಒಂದು ಸಂಘ, ಬೋಧಕೇತರರು ಇನ್ನೊಂದು ಸಂಘ ಅಂತ ಬೇರೆಬೇರೆ ಇರೋದಕ್ಕೆ ಇದೂ ಒಂದು ಕಾರಣ.

ನಿಮ್ಮದು 1960ರ ಕಾಯ್ದೆಯ ಸಂಘ ಅಂತ ಇಟ್ಟುಕೊಂಡು ಮುಂದೆ ಹೇಳ್ತೀನಿ. ಆ ಕಾಯ್ದೆ ಚುನಾವಣೆ ಹೇಗೆ ನಡೆಸಬೇಕು ಅಂತ ಒಂದೊಂದಾಗಿ ಹೇಳೋದಿಲ್ಲ. ಅದನ್ನು ಬೈಲಾಗೆ, ಅಂದರೆ ಸಂಘದ ಸ್ವಂತ ನಿಯಮಾವಳಿಗೆ ಬಿಟ್ಟಿದೆ. ಹಾಗಾಗಿ ನಿಮಗೆ ಬೈಲಾನೇ ಕಾನೂನು. ಪದಾಧಿಕಾರಿಗಳ ಹತ್ತಿರ ಇರುವ ಜೆರಾಕ್ಸ್ ನಂಬಬೇಡಿ. ಅದರಲ್ಲಿ ಎಷ್ಟೋ ಸಲ ನೋಂದಣಿಯೇ ಆಗದ ತಿದ್ದುಪಡಿ ಸೇರಿರುತ್ತೆ. ಜಿಲ್ಲೆಯ ಸಂಘಗಳ ನೋಂದಣಾಧಿಕಾರಿ ಕಚೇರಿಯಲ್ಲಿ ಶುಲ್ಕ ಕಟ್ಟಿ ದೃಢೀಕೃತ ನಕಲು ತಗೊಳ್ಳಿ. ಅದು ಸಹಕಾರ ಇಲಾಖೆಯ ಕಚೇರಿ. ಜಮೀನು, ಮನೆ ಪತ್ರ ಮಾಡಿಸುವ ಉಪನೋಂದಣಿ ಕಚೇರಿಗೆ ಹೋಗಿ ಅರ್ಧ ದಿನ ಕಳೆದುಕೊಂಡವರನ್ನು ನೋಡಿದ್ದೇನೆ. ಅದೇ ಕಚೇರಿಯಲ್ಲಿ ಇನ್ನೊಂದು ಕಾಗದ ಕೇಳಿ. ಪ್ರತಿ ವರ್ಷ ಸರ್ವ ಸದಸ್ಯರ ಸಭೆ ಆದ ಮೇಲೆ ಸಂಘದವರು ಸಮಿತಿಯ ಪಟ್ಟಿ ಮತ್ತು ಲೆಕ್ಕಪತ್ರ ಅಲ್ಲಿಗೆ ಕೊಡಬೇಕು. ಕೊಟ್ಟಿದ್ದಾರಾ, ಕೊನೆಯದು ಯಾವ ವರ್ಷದ್ದು ಅಂತ ನೋಡಿ. ಮೂರು ನಾಲ್ಕು ವರ್ಷ ಏನೂ ಕೊಟ್ಟಿಲ್ಲ ಅಂದರೆ, ಈಗಿರುವ ಸಮಿತಿಯ ಸಿಂಧುತ್ವದ ಬಗ್ಗೆಯೇ ಪ್ರಶ್ನೆ ಏಳುತ್ತೆ.

ಈಗ ಚಂದಾ ವಿಷಯಕ್ಕೆ ಬರೋಣ. ಬಾಕಿ ಇದ್ದವರಿಗೆ ಮತ ಇಲ್ಲ ಅನ್ನೋ ನಿಯಮ ತಪ್ಪಲ್ಲ. ಬಹುತೇಕ ಬೈಲಾಗಳಲ್ಲಿ ಇದೆ, ಇರಬೇಕು ಕೂಡ. ಚುನಾವಣೆ ಬಂದಾಗ ಮಾತ್ರ ಚಂದಾ ಕಟ್ಟಿ ಮತ ಹಾಕಿ ಹೋಗುವವರಿಂದ ಸಂಘ ಉಳಿಯೋದಿಲ್ಲ. ಆದರೆ ಬಾಕಿ ಅಂದರೆ ಯಾರ ಬಾಕಿ? ಚಂದಾ ಎರಡು ದಾರಿಯಲ್ಲಿ ಬರುತ್ತೆ. ಒಂದು, ಸದಸ್ಯರೇ ಖಜಾಂಚಿ ಕೈಗೆ ಕೊಟ್ಟು ರಸೀದಿ ತಗೊಳ್ಳೋದು. ಇನ್ನೊಂದು, ನೀವು ಒಪ್ಪಿಗೆ ಪತ್ರ ಬರೆದುಕೊಟ್ಟ ಮೇಲೆ ವೇತನ ಬಟವಾಡೆ ಅಧಿಕಾರಿ ಸಂಬಳದಲ್ಲೇ ಹಿಡಿದು ಸಂಘದ ಖಾತೆಗೆ ಕಳಿಸೋದು. ನೀವು ಎರಡನೇ ದಾರಿಯವರು. ಸಂಬಳದಿಂದ ದುಡ್ಡು ಹೋದ ದಿನವೇ ನಿಮ್ಮ ಕಡೆಯ ಕೆಲಸ ಮುಗಿಯಿತು. ಆಮೇಲೆ ಅದು ಹಣಕಾಸು ವಿಭಾಗದಲ್ಲಿ ನಿಂತಿರಲಿ, ಬ್ಯಾಂಕಿನಲ್ಲಿ ನಿಂತಿರಲಿ, ಖಜಾಂಚಿ ರಿಜಿಸ್ಟರ್‌ನಲ್ಲಿ ಬರೆಯದೇ ಬಿಟ್ಟಿರಲಿ, ಅದಕ್ಕೆ ನೀವು ಹೊಣೆ ಅಲ್ಲ.

ಇದು ಹೇಗೆ ಆಗುತ್ತೆ ಅಂತ ಒಂದು ಉದಾಹರಣೆ ಹೇಳ್ತೀನಿ. ಒಂದು ಸಂಘದ ರಿಜಿಸ್ಟರ್ ನನ್ನ ಮುಂದೆ ಬಂತು. ಕೆಂಪು ಬಟ್ಟೆ ಹೊದಿಕೆಯ ಉದ್ದನೆ ಪುಸ್ತಕ. ಮುಖ್ಯ ಕ್ಯಾಂಪಸ್ಸಿನವರ ಪುಟಗಳಲ್ಲಿ ಹನ್ನೆರಡು ತಿಂಗಳಿಗೂ ಟಿಕ್ ಇತ್ತು. ಹೊರಕೇಂದ್ರಗಳ ಪುಟಕ್ಕೆ ಬಂದರೆ ಏಪ್ರಿಲ್, ಮೇ ತಿಂಗಳಿಗೆ ಟಿಕ್, ಆಮೇಲೆ ಖಾಲಿ. ಇಪ್ಪತ್ತೇಳು ಜನ. ಎಲ್ಲರೂ ಒಂದೇ ತಿಂಗಳಿಂದ ಚಂದಾ ನಿಲ್ಲಿಸಿದರಾ? ಬ್ಯಾಂಕ್ ಪಾಸ್‌ಬುಕ್ ತರಿಸಿದೆ. ದುಡ್ಡು ಪ್ರತಿ ತಿಂಗಳೂ ಬಂದಿತ್ತು. ಮುಖ್ಯ ಕ್ಯಾಂಪಸ್ಸಿನದು ಹೆಸರಿನ ಪಟ್ಟಿಯ ಜೊತೆ ಬರುತ್ತಿತ್ತು, ಹೊರಕೇಂದ್ರದ್ದು ಒಂದೇ ಮೊತ್ತವಾಗಿ ಬರುತ್ತಿತ್ತು. ಜೂನ್‌ನಲ್ಲಿ ಖಜಾಂಚಿ ಬದಲಾಗಿದ್ದರು. ಹೊಸಬರಿಗೆ ಆ ಮೊತ್ತ ಯಾರ್ಯಾರದು ಅಂತ ಗೊತ್ತಾಗಲಿಲ್ಲ, ಕೇಳಲೂ ಇಲ್ಲ. ಯಾರೂ ಮೋಸ ಮಾಡಿರಲಿಲ್ಲ. ಆದರೂ ಇಪ್ಪತ್ತೇಳು ಮತ ಹೋಗುತ್ತಿತ್ತು. ಅವತ್ತು ರಾತ್ರಿ ಒಂಬತ್ತರವರೆಗೆ ಕೂತು ಇಪ್ಪತ್ತೇಳು ಹೆಸರನ್ನೂ ಪಟ್ಟಿಗೆ ಸೇರಿಸಿ ಎದ್ದೆ. ನಿಮ್ಮ ಪತ್ರ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಖಾಲಿ ಕಾಲಂ. ನಿಮ್ಮ ಕೇಂದ್ರದ ಬೇರೆಯವರ ಹೆಸರು ಪಟ್ಟಿಯಲ್ಲಿ ಇದೆಯಾ? ಇಲ್ಲ ಅಂದರೆ ನಿಮ್ಮಲ್ಲೂ ಇದೇ ಆಗಿರಬಹುದು. ಎಲ್ಲರೂ ಸೇರಿ ಅರ್ಜಿ ಕೊಡಿ.

ಅರ್ಜಿಯ ಜೊತೆ ಪೇ ಸ್ಲಿಪ್ ನಕಲು ಇರಲಿ. ಅದಕ್ಕಿಂತ ಗಟ್ಟಿ ದಾಖಲೆ ಬೇಕಾದರೆ ಹಣಕಾಸು ಅಧಿಕಾರಿಗೆ ಒಂದು ಸಾಲಿನ ಮನವಿ ಕೊಟ್ಟು ನಿಮ್ಮ ಚಂದಾ ಕಟಾವಣೆಯ ತಃಖ್ತೆ, ಅಂದರೆ ವಿವರದ ಪಟ್ಟಿ ಕೇಳಿ. ಇದಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಲು ಹೋಗಬೇಡಿ. ಅದಕ್ಕೆ 30 ದಿನ ಕಾಲಾವಕಾಶ ಇರುತ್ತೆ, ಅಷ್ಟರಲ್ಲಿ ಚುನಾವಣೆ ಮುಗಿದಿರುತ್ತೆ. ನಿಮ್ಮದೇ ಸಂಬಳದ ವಿವರ, ಸುಮ್ನೆ ಕೇಳಿದರೂ ಕೊಡಬೇಕು.

ಅರ್ಜಿ ಯಾವತ್ತು ಕೊಡುತ್ತೀರಿ ಅನ್ನೋದೂ ಮುಖ್ಯ. ಕರಡು ಪಟ್ಟಿ ಪ್ರಕಟಿಸೋದು ಆಕ್ಷೇಪಣೆ ತಗೊಳ್ಳೋದಕ್ಕೇ. ಅದಕ್ಕೆ ಕೊನೆ ದಿನ ಇರುತ್ತೆ. ಆ ದಿನ ದಾಟಿ ಅಂತಿಮ ಪಟ್ಟಿ ಬಂದ ಮೇಲೆ ಚುನಾವಣಾಧಿಕಾರಿಯ ಕೈಯೂ ಕಟ್ಟಿರುತ್ತೆ. ಕೋರ್ಟಿಗೆ ಹೋದರೂ ಕಷ್ಟ. ಚುನಾವಣೆ ಶುರುವಾದ ಮೇಲೆ ಮಧ್ಯದಲ್ಲಿ ತಡೆಯಬಾರದು, ಮುಗಿದ ಮೇಲೆ ತಕರಾರು ತರಬೇಕು ಅಂತ ಸುಪ್ರೀಂ ಕೋರ್ಟ್ 1952ರಲ್ಲೇ ಪೊನ್ನುಸ್ವಾಮಿ ಪ್ರಕರಣದಲ್ಲಿ ಹೇಳಿದೆ. ಅದು ಶಾಸನಸಭೆ ಚುನಾವಣೆಗೆ ಸಂಬಂಧಪಟ್ಟದ್ದು. ಆದರೂ ಸಂಘಗಳ ವಿಷಯದಲ್ಲೂ ನ್ಯಾಯಾಲಯಗಳು ಸಾಮಾನ್ಯವಾಗಿ ಅದೇ ಮನಸ್ಸಿನಿಂದ ನೋಡುತ್ತವೆ. ಹಾಗಾಗಿ ಈ ವಾರ ಕೊಡುವ ಒಂದು ಪುಟದ ಅರ್ಜಿ ಆಮೇಲಿನ ಹತ್ತು ಪುಟದ ದಾವೆಗಿಂತ ಹೆಚ್ಚು ಕೆಲಸ ಮಾಡುತ್ತೆ.

ಇನ್ನೊಂದು ಮಾತು. ನೀವು ಸಾಮಾನ್ಯ ಸಭೆಗೆ ಬಂದಿಲ್ಲ, ಅದಕ್ಕೆ ಮತ ಇಲ್ಲ ಅಂತ ಯಾರಾದರೂ ಹೇಳಬಹುದು. ಸಭೆಗೆ ಬರದವರ ಮತ ತಪ್ಪಿಸುವ ನಿಯಮ ಬಂದಿರೋದು 1959ರ ಸಹಕಾರ ಸಂಘಗಳ ಕಾಯ್ದೆಯಿಂದ. ಅದು ನಿಮ್ಮ ಪತ್ತಿನ ಸೊಸೈಟಿಗೆ ಅನ್ವಯಿಸುತ್ತೆ. ಸೊಸೈಟಿಯಲ್ಲೂ ಸಂಘದಲ್ಲೂ ಅದೇ ಮುಖಗಳು ಇರೋದರಿಂದ ಎರಡನ್ನೂ ಕಲಸಿಬಿಡುತ್ತಾರೆ. ನಿಮ್ಮ ಸಂಘದ ಬೈಲಾದಲ್ಲಿ ಬರೆದಿಲ್ಲದಿದ್ದರೆ ಆ ಮಾತಿಗೆ ಬೆಲೆ ಇಲ್ಲ. ಅವಧಿಯೂ ಹಾಗೇ. ರಾಜ್ಯ ಸರ್ಕಾರಿ ನೌಕರರ ಸಂಘದ್ದು 5 ವರ್ಷ ಅಂತ ಎಲ್ಲ ಸಂಘದ್ದೂ 5 ವರ್ಷ ಆಗೋದಿಲ್ಲ. ಅಮಾನತಿನಲ್ಲಿ ಇರುವವರ ಬಗ್ಗೆಯೂ ಎಲ್ಲ ಕಡೆ ಜಗಳ ಆಗುತ್ತೆ. ಅಮಾನತು ಆದವರು ನೌಕರರಾಗಿಯೇ ಇರುತ್ತಾರೆ. ಕೆಲಸದಿಂದ ತೆಗೆದಿಲ್ಲ. ಬೈಲಾ ಬೇಡ ಅನ್ನದಿದ್ದರೆ ಅವರಿಗೂ ಮತ ಇದೆ. ಪ್ರೊಬೇಷನ್‌ನಲ್ಲಿ ಇರುವವರಿಗೂ ಅಷ್ಟೇ.

ಹೊರಗುತ್ತಿಗೆ ಹುಡುಗರ ವಿಷಯ ಕೇಳಿದ್ದು ನನಗೆ ಇಷ್ಟವಾಯಿತು. ತಮ್ಮ ಹೆಸರೇ ಹೋದಾಗ ಬೇರೆಯವರ ಬಗ್ಗೆ ಯೋಚಿಸೋರು ಕಡಿಮೆ. ಉತ್ತರ ಮಾತ್ರ ಅಷ್ಟು ಸಂತೋಷದ್ದಲ್ಲ. ಅವರಿಗೆ ಸಂಬಳ ಕೊಡೋದು ಏಜೆನ್ಸಿ. ಬೈಲಾದಲ್ಲಿ ಸದಸ್ಯ ಅಂದರೆ ವಿಶ್ವವಿದ್ಯಾಲಯದ ನೌಕರ ಅಂತ ಬರೆದಿದ್ದರೆ ಅವರು ಹೊರಗೆ ಉಳಿಯುತ್ತಾರೆ. ದಿನಗೂಲಿಯವರ ಕಥೆ ಬೇರೆ. ಸುಪ್ರೀಂ ಕೋರ್ಟಿನ 2006ರ ಉಮಾದೇವಿ ತೀರ್ಪು ನಮ್ಮ ರಾಜ್ಯದ ದಿನಗೂಲಿ ನೌಕರರ ಪ್ರಕರಣವೇ. ಖಾಯಂ ಮಾಡುವ ಬಾಗಿಲು ಅಲ್ಲಿ ಬಹುಪಾಲು ಮುಚ್ಚಿತು. ಆಮೇಲೆ 2012ರಲ್ಲಿ ಕರ್ನಾಟಕ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಕಾಯ್ದೆ ಬಂತು. ಅದರಡಿ ಅಧಿಸೂಚನೆ ಆದವರು 60 ವರ್ಷದವರೆಗೆ ಕೆಲಸದಲ್ಲಿ ಇರಬಹುದು. ಅವರು ನೇರವಾಗಿ ಸಂಸ್ಥೆಯಿಂದಲೇ ಸಂಬಳ ತಗೊಳ್ಳುವವರು. ಅವರನ್ನು ಸದಸ್ಯರಾಗಿ ಮಾಡಿಕೊಳ್ಳದ ಸಂಘ ಬೈಲಾ ಮತ್ತೆ ಓದಿಕೊಳ್ಳಬೇಕು ಅಂತ ನನ್ನ ಅಭಿಪ್ರಾಯ. ಹೊರಗುತ್ತಿಗೆಯವರಿಗೆ ಸಹ ಸದಸ್ಯತ್ವ ಕೊಟ್ಟು, ಮತ ಇಲ್ಲದಿದ್ದರೂ ಸಭೆಯಲ್ಲಿ ಮಾತಾಡುವ ಅವಕಾಶ ಕೊಡಬಹುದು. ಅದಕ್ಕೆ ಬೈಲಾ ತಿದ್ದುಪಡಿ ಬೇಕು, ಈ ಚುನಾವಣೆಗೆ ಆಗೋದಿಲ್ಲ. ಅವರು ತಮ್ಮದೇ ಯೂನಿಯನ್ ಕಟ್ಟಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಸಂಘ ಕಟ್ಟುವ ಹಕ್ಕು ಕೊಡುವ ಸಂವಿಧಾನದ 19(1)(ಸಿ) ಅವರಿಗೂ ಇದೆ.

ನಿವೃತ್ತರು ಅಧ್ಯಕ್ಷರಾಗಬಹುದಾ? ಸಂಘ 1960ರ ಕಾಯ್ದೆಯದಾದರೆ ಬೈಲಾದಲ್ಲಿ ಸದಸ್ಯತ್ವ ಯಾವಾಗ ಮುಗಿಯುತ್ತೆ ಅನ್ನೋ ಕಲಂ ನೋಡಿ. ನಿವೃತ್ತಿ, ರಾಜೀನಾಮೆ, ಮರಣ ಅಂತ ಇದ್ದರೆ ನಿವೃತ್ತರು ಸದಸ್ಯರೇ ಅಲ್ಲ, ನಿಲ್ಲುವ ಮಾತೇ ಇಲ್ಲ. ನಾಮಪತ್ರ ಪರಿಶೀಲನೆ ದಿನ ಆಕ್ಷೇಪಣೆ ಕೊಡಿ. ಟ್ರೇಡ್ ಯೂನಿಯನ್ ಆದರೆ ಲೆಕ್ಕ ಬದಲಾಗುತ್ತೆ. ಅಲ್ಲಿ ಪದಾಧಿಕಾರಿಗಳಲ್ಲಿ ಮೂರನೇ ಒಂದು ಭಾಗ ಅಥವಾ ಐದು ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಹೊರಗಿನವರು, ಅಂದರೆ ಅಲ್ಲಿ ಕೆಲಸದಲ್ಲಿ ಇಲ್ಲದವರು ಇರಬಹುದು. ನಿವೃತ್ತರನ್ನು ಹೊರಗಿನವರು ಅಂತ ಎಣಿಸಬಾರದು ಅಂತ 1926ರ ಕಾಯ್ದೆಗೆ 2001ರಲ್ಲೇ ಸೇರಿಸಿದ್ದರು. ಕಾನೂನು ಹೀಗಿದ್ದರೂ ನನ್ನ ಮನಸ್ಸು ಒಂದು ಮಾತು ಹೇಳುತ್ತೆ. ನಾನೂ ನಿವೃತ್ತ. ವರ್ಗಾವಣೆ, ಬಡ್ತಿ, ರಜೆ, ಇವುಗಳ ಬಿಸಿ ನಮಗೆ ಇನ್ನು ತಟ್ಟೋದಿಲ್ಲ. ಕುಲಸಚಿವರ ಮುಂದೆ ನಿಂತು ಮಾತಾಡಬೇಕಾದವರು ನಾಳೆ ಬೆಳಿಗ್ಗೆ ಅದೇ ಕಚೇರಿಯಲ್ಲಿ ಹಾಜರಿ ಹಾಕುವವರು. ನಾವು ಸಲಹೆ ಕೊಡಬಹುದು, ಕಾಗದ ಬರೆದುಕೊಡಬಹುದು.

ಇನ್ನು ಮತಗಟ್ಟೆ. ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದರೆ ನಾನು ಮರೆಯಲಾಗದ ಒಂದು ಸಂಜೆ ಇದೆ. ಅದೂ ಜುಲೈ. ಮತದಾನ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕು. ಹೊರಗೆ ಬಿಡದ ಮಳೆ. ನಾಲ್ಕಕ್ಕೆ ಸಾಲಿನಲ್ಲಿ ಯಾರೂ ಇರಲಿಲ್ಲ. ಪೆಟ್ಟಿಗೆಗೆ ಅರಗು ಹಚ್ಚಿ ಸೀಲು ಒತ್ತಿದೆವು. ನಾಲ್ಕು ಇಪ್ಪತ್ತಕ್ಕೆ ಒಂದು ಟೆಂಪೋ ಬಂದು ನಿಂತಿತು. ಘಟ್ಟದ ಕಡೆಯ ಕೇಂದ್ರದವರು, ಹನ್ನೊಂದು ಜನ. ದಾರಿಯಲ್ಲಿ ಮರ ಬಿದ್ದು ಎರಡು ಗಂಟೆ ನಿಂತಿದ್ದರಂತೆ. ಪ್ಯಾಂಟ್ ಮೊಣಕಾಲವರೆಗೆ ಒದ್ದೆ, ಒಬ್ಬರ ಕೈಯಲ್ಲಿ ಮರ ಕಡಿದ ಕತ್ತಿ ಇನ್ನೂ ಹಾಗೇ ಇತ್ತು. ನಾಲ್ಕು ಗಂಟೆಗೆ ಸಾಲಿನಲ್ಲಿ ಇದ್ದವರಿಗೆ ಚೀಟಿ ಕೊಟ್ಟು ಮತ ಹಾಕಿಸಬಹುದು. ಸಾಲಿನಲ್ಲೇ ಇಲ್ಲದವರಿಗೆ ಕೊಡುವ ಅಧಿಕಾರ ನನಗಿರಲಿಲ್ಲ. ಆಗೋದಿಲ್ಲ ಅಂದೆ. ಅವರು ಜಗಳ ಮಾಡಲಿಲ್ಲ. ಜಗುಲಿ ಮೇಲೆ ಕೂತು ಚಹಾ ಕುಡಿದು ವಾಪಸ್ ಹೋದರು. ರಾತ್ರಿ ಎಣಿಕೆ ಮುಗಿದಾಗ ಕಾರ್ಯದರ್ಶಿ ಸ್ಥಾನದ ಅಂತರ ಆರು ಮತ.

ನಿಯಮದ ಪ್ರಕಾರ ನಾನು ಮಾಡಿದ್ದು ಸರಿ. ಆದರೆ ಮಲೆನಾಡಿನಲ್ಲಿ ಜುಲೈಗೆ ಒಂದೇ ಮತಗಟ್ಟೆ ಇಟ್ಟದ್ದು ಸರಿ ಇರಲಿಲ್ಲ. ವೇಳಾಪಟ್ಟಿ ಮಾಡುವಾಗ ನಾನು ಅದನ್ನು ಹೇಳಬೇಕಿತ್ತು, ಹೇಳಲಿಲ್ಲ. ನಮ್ಮ ಕಡೆಯ ವಿಶ್ವವಿದ್ಯಾಲಯಗಳು ಹೇಗೆ ಹರಡಿವೆ ನೋಡಿ. ಕುವೆಂಪು ವಿಶ್ವವಿದ್ಯಾಲಯದ ಜ್ಞಾನಸಹ್ಯಾದ್ರಿ ಇರೋದು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ, ಅದರ ಸಹ್ಯಾದ್ರಿ ಕಾಲೇಜುಗಳು ಶಿವಮೊಗ್ಗ ಊರಲ್ಲಿ. ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕ್ಯಾಂಪಸ್ಸು ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲೂ ಶಿವಮೊಗ್ಗದ ನವುಲೆಯಲ್ಲೂ ಇದೆ. ಅದರ ಕಾಲೇಜುಗಳು ಮೂಡಿಗೆರೆ, ಹಿರಿಯೂರು, ಕೊಡಗಿನ ಪೊನ್ನಂಪೇಟೆವರೆಗೆ ಇವೆ. ಇಷ್ಟು ದೂರದ ಜನರಿಗೆ ಒಂದೇ ಕೊಠಡಿಯಲ್ಲಿ ಮತ ಹಾಕಿ ಅಂದರೆ ಹೊರಕೇಂದ್ರದವರು ಬರೋದು ಬೇಡ ಅಂದ ಹಾಗೇ ಆಗುತ್ತೆ. ಕೇಂದ್ರಕ್ಕೊಂದು ಮತಗಟ್ಟೆ ಇಟ್ಟು ಎಲ್ಲ ಪೆಟ್ಟಿಗೆ ಒಂದೇ ಕಡೆ ತಂದು ಮತಪತ್ರ ಕಲಸಿ ಎಣಿಸಬಹುದು. ಕಲಸೋದು ಯಾಕೆ ಗೊತ್ತಾ? ಎಂಟು ಜನ ಇರುವ ಕೇಂದ್ರದ ಪೆಟ್ಟಿಗೆಯನ್ನು ಬೇರೆ ಎಣಿಸಿದರೆ ಯಾರು ಯಾರಿಗೆ ಹಾಕಿದರು ಅಂತ ಊಹಿಸೋದು ಕಷ್ಟ ಅಲ್ಲ. ಬೈಲಾ ಮತಗಟ್ಟೆ ಎಷ್ಟು ಅಂತ ಹೇಳದಿದ್ದರೆ ಚುನಾವಣಾಧಿಕಾರಿಯೇ ತೀರ್ಮಾನ ಮಾಡಬಹುದು. ಈಗಲೇ ಕೇಳಿ. ತಿಂಗಳು ಬದಲಾಯಿಸುವುದಾದರೆ ನವೆಂಬರ್, ಡಿಸೆಂಬರ್ ಬೇಡ. ಅಡಿಕೆ ಕೊನೆಕೊಯ್ಲಿನ ಹೊತ್ತು, ತೋಟ ಇರುವವರು ರಜೆ ಹಾಕಿ ಮನೆಯಲ್ಲಿ ಇರುತ್ತಾರೆ. ಫೆಬ್ರವರಿ ಒಳ್ಳೆಯದು.

ನೀವು ನಿಲ್ಲುತ್ತೀರಿ ಅಂದದ್ದಕ್ಕೆ ಸೀಟಿನ ಲೆಕ್ಕ ಒಂದು ಹೇಳಿಬಿಡ್ತೀನಿ. ಉದಾಹರಣೆಗೆ 240 ಮತದಾರರು, 15 ಸ್ಥಾನ, ಮುಖ್ಯ ಕ್ಯಾಂಪಸ್ಸಿನಲ್ಲಿ 170, ಹೊರಗೆ 70 ಅಂತ ಇಟ್ಟುಕೊಳ್ಳಿ. ಪ್ರತಿಯೊಬ್ಬರೂ 15 ಮತ ಹಾಕಬಹುದು ಅಂದರೆ, ಮುಖ್ಯ ಕ್ಯಾಂಪಸ್ಸಿನವರು ಒಂದು ಪಟ್ಟಿ ಮಾಡಿಕೊಂಡು ಹಾಕಿದರೆ ಎಲ್ಲ 15 ಸ್ಥಾನವೂ ಅವರದೇ. 70 ಜನಕ್ಕೆ ಒಂದೂ ಸಿಗೋದಿಲ್ಲ. ಅದೇ ಹೊರಕೇಂದ್ರಗಳಿಗೆ ನಾಲ್ಕು ಸ್ಥಾನ ಅಂತ ಬೇರೆ ಮಾಡಿ, ಅಲ್ಲಿನವರೇ ಆರಿಸುವ ಹಾಗೆ ಮಾಡಿದರೆ ನಾಲ್ಕು ದನಿ ಒಳಗೆ ಬರುತ್ತೆ. ನಿಮ್ಮ ಬೈಲಾದಲ್ಲಿ ಯಾವುದಿದೆ ನೋಡಿ. ಮಹಿಳಾ ಸ್ಥಾನ ಇದ್ದರೆ, ಅದಕ್ಕೆ ಎಲ್ಲರೂ ಮತ ಹಾಕಬೇಕಾ, ಮಹಿಳೆಯರು ಮಾತ್ರವಾ ಅನ್ನೋದೂ ಬರೆದಿರಬೇಕು. ಬರೆಯದೇ ಬಿಟ್ಟು ಎಣಿಕೆ ದಿನ ಜಗಳ ಆದದ್ದನ್ನು ನೋಡಿದ್ದೇನೆ.

ನಾಮಪತ್ರದಲ್ಲಿ ಸೂಚಕರು, ಅನುಮೋದಕರು ಇಬ್ಬರ ಹೆಸರೂ ಅಂತಿಮ ಪಟ್ಟಿಯಲ್ಲಿ ಇರಬೇಕು, ಕ್ರಮ ಸಂಖ್ಯೆ ಅಂತಿಮ ಪಟ್ಟಿಯದೇ ಬರೆಯಬೇಕು. ಕರಡು ಪಟ್ಟಿಯ ಸಂಖ್ಯೆ ಬರೆದು ತಿರಸ್ಕಾರವಾದ ನಾಮಪತ್ರಗಳು ಬಹಳ. ನಿಮ್ಮ ಕೇಂದ್ರದವರನ್ನೇ ಸೂಚಕರಾಗಿ ಹಾಕಿಕೊಂಡರೆ ಅವರ ಹೆಸರೂ ಬಿಟ್ಟುಹೋಗಿದೆಯಾ ಅಂತ ಮೊದಲು ನೋಡಿಕೊಳ್ಳಿ.

ಯಾರ ಹತ್ತಿರ ಹೋಗಬೇಕು ಅಂದಿರಿ. ಈಗ ಚುನಾವಣಾಧಿಕಾರಿ ಹತ್ತಿರ ಮಾತ್ರ. ಕುಲಸಚಿವರು ಸಂಘದ ಒಳಗಿನ ಚುನಾವಣೆಗೆ ಕೈ ಹಾಕುವ ಹಾಗಿಲ್ಲ, ಹಾಕಿಸಲೂ ಬೇಡಿ. ಆಡಳಿತದ ಎದುರು ನಿಲ್ಲಬೇಕಾದ ಸಂಘಕ್ಕೆ ಆಡಳಿತವೇ ಪಟ್ಟಿ ತಿದ್ದಿದರೆ ಆಮೇಲೆ ಉಳಿಯೋದೇನು? ಅರ್ಜಿ ತಿರಸ್ಕಾರ ಆದರೆ ಕಾರಣ ಬರೆದ ಹಿಂಬರಹ, ಅಂದರೆ ಲಿಖಿತ ಉತ್ತರ ಕೇಳಿ. ಮುಂದಿನ ಹೆಜ್ಜೆ ನೋಂದಣಾಧಿಕಾರಿ. 1960ರ ಕಾಯ್ದೆಯ 25ನೇ ಕಲಂ ಪ್ರಕಾರ ಅವರು ತಾವಾಗಿಯೇ ವಿಚಾರಣೆ ಮಾಡಬಹುದು. ಸದಸ್ಯರಲ್ಲಿ ಮೂರನೇ ಒಂದು ಭಾಗದವರು ಸಹಿ ಮಾಡಿ ಕೇಳಿದರೆ ಮಾಡಲೇಬೇಕು. ಆದರೆ ಆ ವಿಚಾರಣೆ ಸಂಘದ ಆಡಳಿತ, ಲೆಕ್ಕಪತ್ರದ ಬಗ್ಗೆ. ಗೆದ್ದವರು ಯಾರು, ಚುನಾವಣೆ ಸಿಂಧುವಾ ಅನ್ನೋದನ್ನು ತೀರ್ಮಾನಿಸೋದು ಸಿವಿಲ್ ನ್ಯಾಯಾಲಯ.

ಅರ್ಜಿ ಹೀಗೆ ಬರೆಯಿರಿ: "ದಿನಾಂಕ ಇಷ್ಟರಂದು ಪ್ರಕಟವಾದ ಕರಡು ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ಇರುವುದಿಲ್ಲ. ನಾನು ಇಂಥ ದಿನಾಂಕದಿಂದ ಸಂಘದ ಸದಸ್ಯಳಾಗಿದ್ದು, ನನ್ನ ವೇತನದಿಂದ ಪ್ರತಿ ತಿಂಗಳು ಚಂದಾ ಕಟಾವಣೆಯಾಗಿರುತ್ತದೆ. ಪೇ ಸ್ಲಿಪ್ ನಕಲುಗಳನ್ನು ಲಗತ್ತಿಸಿದ್ದೇನೆ. ಅಂತಿಮ ಪಟ್ಟಿಯಲ್ಲಿ ನನ್ನ ಹೆಸರು ಸೇರಿಸಬೇಕು, ಸೇರಿಸಲಾಗದಿದ್ದಲ್ಲಿ ಕಾರಣವನ್ನು ಲಿಖಿತವಾಗಿ ತಿಳಿಸಬೇಕು." ಇಷ್ಟು ಸಾಕು. ಸಿಟ್ಟಿನ ಒಂದು ಪದವೂ ಬೇಡ. ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸಹಿ, ಸೀಲು, ದಿನಾಂಕ, ಗಂಟೆ ಹಾಕಿಸಿಕೊಳ್ಳಿ. ಗಂಟೆ ಹಾಕಲು ಮರೆಯುತ್ತಾರೆ, ಕೇಳಿ ಹಾಕಿಸಿಕೊಳ್ಳಿ. ಮಳೆ ಜೋರಾಗಿ ನೀವೇ ಹೋಗಲು ಆಗದಿದ್ದರೆ ಆಕ್ಷೇಪಣೆಗೆ ಕೊನೆ ದಿನದ ಮೂರು ದಿನ ಮೊದಲೇ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ಪೇ ಸ್ಲಿಪ್‌ಗಳ ಜೊತೆಗೇ ಪಿನ್ ಮಾಡಿ ಇಟ್ಟುಕೊಳ್ಳಿ.